ಸುನಂದಾಳ ಕೇಸ್‌ಪೇಪರ್ ಹುಡುಕಿದ ನಾಲ್ಕು ದಿನ

ಆ ಖೋಲಿಯ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಹಿಂದೆ ಕಾಗದದ ಗಂಟುಗಳು ಒರಗಿಕೊಂಡಿದ್ದವು. ಮೊದಲು ಒಂದು ಭುಜ ತೂರಿಸಿ, ಸೆರಗು ಎಳೆದುಕೊಂಡು, ಉಳಿದ ಮೈಯನ್ನು ಆಮೇಲೆ ಒಳಗೆ ತರಬೇಕು. ವಾರಕ್ಕೆ ಮೂರು ಮಧ್ಯಾಹ್ನ ನಾನು ಹೀಗೆ ಕೆಲಸಕ್ಕೆ ಹೋಗುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆ. ಅಕ್ಕಲಕೋಟದಲ್ಲಿ ಅದರದೇ ಒಂದು ಸಣ್ಣ ಶಾಖೆ. ಎರಡೂ ಕಡೆಯ ಹಳೆಯ ಕೇಸ್‌ಪೇಪರುಗಳು ಈ ಖೋಲಿಗೆ ಬಂದು ಬೀಳುತ್ತಿದ್ದವು. ಆಸ್ಪತ್ರೆಯ ಡಾಕ್ಟರಬಾಯಿ ಒಂದು ದಿನ ನಮ್ಮ ಮಹಿಳಾ ಮಂಡಳಕ್ಕೆ ಬಂದು, “ಚಲೋ ಅಕ್ಷರದವ್ರು ಯಾರರೆ ಇದ್ದರ ಕೊಡ್ರಿ, ಬೇಕಾದ ಕಾಗದ ಬೇಕಾದಾಗ ಸಿಗವಲ್ತು” ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ವಹಿಯ ಮೇಲೆ ತೀಡಿಸಿ ತೀಡಿಸಿ ಬಂದ ಅಕ್ಷರ. ಅದರಿಂದ ಆ ತನಕ ನನಗೆ ಆಗಿದ್ದ ಉಪಯೋಗವೆಂದರೆ ಮದುವೆಯಲ್ಲಿ ಉಡುಗೊರೆ ಕೊಡುವ ಆಹೇರಿ ಪಾಕೀಟುಗಳ ಮೇಲೆ ಹೆಸರು ಬರೆಯುವುದು.

ಕೇಸ್‌ಪೇಪರ್ ಎಂದರೆ ಒಂದು ದಪ್ಪ ಹಾಳೆ. ಎಲ್ಲರಿಗೂ ಅದೇ ಖಾನೆಗಳು: ಹೆಸರು, ಗಂಡ ಅಥವಾ ತಂದೆ, ಊರು, ವಯಸ್ಸು, ಎಷ್ಟನೆಯ ಹೆರಿಗೆ. ಹಿಂಬದಿಯಲ್ಲಿ ಡಾಕ್ಟರರ ಟಿಪ್ಪಣಿ. ಬಾಣಂತಿ ಮನೆಗೆ ಹೋದ ತಿಂಗಳಿಗೆ ಒಂದರಂತೆ ಗಂಟು ಕಟ್ಟಿಡುತ್ತಿದ್ದರು. ಯಾವ ತಿಂಗಳು ಹೋದಳೆಂದು ಗೊತ್ತಿದ್ದರೆ ಕಾಗದ ಸಿಕ್ಕೀತು. ಅದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು. ಪ್ರತಿ ಕಾಗದದ ಮೂಲೆಗೆ ಒಂದು ಸಂಖ್ಯೆ ಬರೆದೆ. ಕಾಗದಗಳು ಸಂಖ್ಯೆಯ ಕ್ರಮದಲ್ಲಿ ಕಪಾಟಿನಲ್ಲಿ ಕೂತವು. ಒಂದೊಂದು ಕಾಗದಕ್ಕೂ ಒಂದು ಕಾರ್ಡು. ಕಾರ್ಡಿನ ಮೇಲೆ ಹೆಸರು, ಊರು ಮತ್ತು ಆ ಸಂಖ್ಯೆ. ಕಾರ್ಡುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಹೊದೆಯುವ ಚಾದರ ತುಂಬಿ ಬರುವ ಐದು ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿದೆ. ಹೆಸರು ಹೇಳಿದರೆ ಕಾರ್ಡು, ಕಾರ್ಡು ನೋಡಿದರೆ ಸಂಖ್ಯೆ, ಸಂಖ್ಯೆ ನೋಡಿದರೆ ಕಾಗದ. ಕಾರ್ಡುಗಳನ್ನು ನಮ್ಮ ಬಟ್ಟೆ ಅಂಗಡಿಯ ಸೀರೆ ಬಾಕ್ಸುಗಳಿಂದ ಕತ್ತರಿಸಿದ್ದೆ. ನಮ್ಮ ಮನೆಯವರು ಊಟಕ್ಕೆ ಕೂತಾಗ, “ಬಾಕ್ಸ್ ಇಲ್ಲದ ಸೀರಿ ಮಾರಾಕತ್ತೀನಿ. ಗಿರಾಕಿ ಕೇಳಿದ್ರ ನಮ್ಮ ಮನ್ಯಾಗ ದವಾಖಾನಿ ತಗದಾರ ಅಂತ ಹೇಳತೀನಿ” ಎನ್ನುತ್ತಿದ್ದರು.

ಆ ಖೋಲಿಗೆ ಒಬ್ಬ ಹಳೆಯ ಕಾರಕೂನರಿದ್ದರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಎರಡು ಬೆರಳಿನ ನಡುವೆ ಸದಾ ಒಂದು ಚಿಟಿಕೆ ನಶ್ಯ, ನಮ್ಮ ಕಡೆಯ ತಪಕೀರು. ಅವರು ಮುಟ್ಟಿದ ಕಾಗದದ ಮೇಲೆಲ್ಲ ಕಂದು ಚುಕ್ಕೆ. ನನ್ನ ಡಬ್ಬಿಗಳನ್ನು ನೋಡಿ, “ವೈನಿ, ಕಾಗದ ಹುಡುಕೂದು ಮೂಗಿಲೆ. ಚೀಟಿಲೆ ಅಲ್ಲ” ಎಂದು ಸೀನಿದ್ದರು. ಆದರೆ ನಾಲ್ಕು ತಿಂಗಳಾದ ಮೇಲೆ, ಡಾಕ್ಟರಬಾಯಿ ಕೇಳಿದ ಹೆಸರಿನ ಕಾಗದವನ್ನು ಅವರ ಚಹಾ ಆರುವುದರೊಳಗೆ ತಂದುಕೊಟ್ಟಾಗ ಕಾಕಾ ಮುಖ ತಿರುಗಿಸಿ ಒಂದು ಗಂಟು ಕಟ್ಟತೊಡಗಿದರು. ಆ ವಾರವೆಲ್ಲ ನಾನು ಸ್ವಲ್ಪ ತಲೆ ಎತ್ತಿಕೊಂಡೇ ನಡೆದೆ.

ಮುಂದಿನ ಸೋಮವಾರ ಆಯಾ ಒಂದು ಚೀಟಿ ತಂದಳು. ಸುನಂದಾ, ಊರು ಕಂದಲಗಾಂವ, ನಾಲ್ಕು ವರ್ಷದ ಹಿಂದೆ ಅಕ್ಕಲಕೋಟ ಶಾಖೆಯಲ್ಲಿ ಆಪರೇಷನ್ ಮಾಡಿ ಹೆರಿಗೆ, ಲಗೇಚ್, ಈಗಿಂದೀಗಲೇ ಬೇಕು. ಐದನೆಯ ಡಬ್ಬಿ ತೆಗೆದು ‘ಸ’ ಅಕ್ಷರದ ಕಾರ್ಡುಗಳ ಮೇಲೆ ಬೆರಳಾಡಿಸಿದೆ. ಸುನಂದಾಗಳು ಇದ್ದರು, ಈ ಸುನಂದಾ ಇರಲಿಲ್ಲ. ಗಂಡನ ಹೆಸರು ಕೇಳಿ ಕಳಿಸಿದೆ, ಬಂತು. ಇದ್ದ ಸುನಂದಾಗಳ ಕಾಗದ ತೆಗೆದು ನೋಡಿದರೆ ಆ ಗಂಡನ ಹೆಸರೂ ಇಲ್ಲ. ಆಯಾ ಮೂರು ಸಲ ಮೆಟ್ಟಿಲು ಹತ್ತಿಳಿದಳು. ನಾಲ್ಕನೆಯ ಸಲ ಡಾಕ್ಟರಬಾಯಿಯೇ ಬಂದು ಬಾಗಿಲಲ್ಲಿ ಒಂದು ಭುಜ ತೂರಿಸಿ ನಿಂತರು.

“ಸಿಕ್ಕಿತೇನ್ರಿ?”

“ಇಲ್ರಿ.”

“ಹಂಗಾದರ ಇಷ್ಟು ಡಬ್ಬಿ ಯಾಕ ಮಾಡಿದ್ವಿ?”

ಆಮೇಲೆ ಅವರೇ ಸಮಾಧಾನದಿಂದ ವಿಷಯ ಬಿಡಿಸಿ ಹೇಳಿದರು. ಹುಡುಗಿ ಮತ್ತೆ ಬಸುರಿ, ಎಂಟು ತಿಂಗಳು ತುಂಬಿವೆ. ಕಾಲು ಬಾತಿವೆ ಎಂದು ಅತ್ತೆ ಒಂದು ಇಂಜೆಕ್ಷನ್ ಕೊಡಿಸಲು ಕರೆತಂದಿದ್ದಾರೆ, ಅಷ್ಟೇ. ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತಿದೆ. “ಆದರ ಒಳಗ ಗರ್ಭಚೀಲಾ ಹೆಂಗ ಕೊಯ್ದಾರ ಅನ್ನೂದು ಹೊರಗಿಂದ ತಿಳಿಯೂದಿಲ್ರಿ. ಕೆಳಗ ಅಡ್ಡ ಕೊಯ್ದಿದ್ದರ ಊರಿಗಿ ಹೋಗಲಿ, ಬ್ಯಾನಿ ಸುರು ಆದ ಕೂಡಲೆ ಬರಲಿ. ಮ್ಯಾಲಿಂದ ಉದ್ದಕ ಕೊಯ್ದಿದ್ದರ ಬ್ಯಾನಿ ಬರೂದ್ರಾಗನ ಹಳೆ ಹೊಲಿಗಿ ಬಿಚ್ಚತದ. ಕಂದಲಗಾಂವದಿಂದ ಇಲ್ಲಿ ಮುಟ್ಟೂದ್ರಾಗ ಹಾದ್ಯಾಗ ಹೋಗತಾಳ.”

“ಹಂಗಾದರ ಇಲ್ಲೇ ಇಟ್ಟಕೊಳ್ರಿ.”

“ಇಟ್ಟಕೊಳ್ಳಾಕ ಅಕಿ ಅತ್ತಿ ಬಿಡಬೇಕಲ್ಲ. ಕೊಯ್ದ ಮ್ಯಾಲೆ ಮದಲಿನ ಕೂಸು ಎರಡು ದಿನಾ ಅಷ್ಟ ಇತ್ತಂತ. ಕೊಯ್ದೇ ಕಳದ್ರು ಅಂತಾರ. ಕಾಗದ ತೋರಿಸ್ರಿ, ಆಮ್ಯಾಲೆ ಮಾತಾಡೂಣು ಅಂತಾರ. ಗುರುವಾರ ಮುಂಜಾನಿ ಬಸ್ಸಿಗಿ ಹೊಂಟಾರ.”

ಮಂಗಳವಾರ ನನ್ನ ಪಾಳಿಯಲ್ಲದಿದ್ದರೂ ಹೋದೆ. ಹೆಸರು ತಪ್ಪಿರಬಹುದು, ಊರು ತಪ್ಪಲಾರದು ಎಂದುಕೊಂಡೆ. ಆದರೆ ನನ್ನ ಕಾರ್ಡುಗಳು ನಿಂತಿದ್ದು ಹೆಸರಿನ ಕ್ರಮದಲ್ಲಿ. ಊರು ಹಿಡಿದು ಹುಡುಕಬೇಕೆಂದರೆ ಐದೂ ಡಬ್ಬಿಗಳ ಒಂದೊಂದು ಕಾರ್ಡನ್ನೂ ಓದಬೇಕು. ಓದಿದೆ. ಕತ್ತರಿಸಿದ ರಟ್ಟಿನ ಅಂಚಿಗೆ ಬೆರಳ ತುದಿ ಸೀಳಿ ಉರಿಯತೊಡಗಿತು. ಮೂರು ಗಂಟೆಗೆ ಮುಗಿಯಿತು. ಕಂದಲಗಾಂವದ ಕಾರ್ಡು ಎಷ್ಟೋ ಸಿಕ್ಕವು, ಎಲ್ಲವೂ ಬೇರೆಯವರವು. ಕಾಕಾ ಮೂಗು ಒರೆಸಿಕೊಳ್ಳುತ್ತ, “ನಾ ಹೇಳಿದ್ದೆ” ಅಂದರು. ನಾನು ಸಾಮಾನ್ಯವಾಗಿ ದನಿ ಏರಿಸುವವಳಲ್ಲ. ಆವತ್ತು ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಹಾಕಿದೆ.

ಆ ಸುನಂದಾಳನ್ನಾದರೂ ನೋಡಿ ಬರೋಣ ಎಂದು ಕೆಳಗಿಳಿದೆ. ವಾರ್ಡಿನ ಪಡಸಾಲೆಯಲ್ಲಿ ಚಾಪೆಯ ಮೇಲೆ ಅತ್ತೆ ಸೊಸೆ ಕೂತಿದ್ದರು. ಅತ್ತೆ ಹೊಲ ಮನೆ ನಡೆಸಿದ ಗಟ್ಟಿ ಹೆಂಗಸು. ಹಣೆಯ ಕುಂಕುಮ ಒಂದಿಷ್ಟೂ ಅಂಚು ಕೆಟ್ಟಿರಲಿಲ್ಲ. ಸೊಸೆ ಬಾತ ಪಾದಗಳನ್ನು ಸೀರೆಯಡಿ ಮುಚ್ಚಿಟ್ಟುಕೊಂಡಿದ್ದಳು.

“ಸಿಕ್ತೇನ್ರಿ ಕಾಗದ?” ಅತ್ತೆಯೇ ಕೇಳಿದರು.

“ಹುಡಕಾಕತ್ತೀವ್ರಿ.”

“ಇದ್ದರ ಸಿಗತದ. ಉಗೀಚ್ ಸುಮ್ಮಸುಮ್ಮನ ಯಾಕ ತ್ರಾಸ ತಗೋತೀರಿ? ನಾ ಆರು ಹಡದೀನಿ, ಒಂದು ಕಾಗದಾ ಇಲ್ಲ.”

“ಸುನಂದಾ ಅಂತ ಬರಸಿದ್ದು ಖರೆ ಅಲ್ಲೇನ್ರಿ?”

“ಮತ್ತೇನು ಬರಸತಾರ? ಮದುವಿ ದಿನಾ ನನ್ನ ಮಗಾ ಅಕ್ಕ್ಯಾಗ ಉಂಗರಲೆ ಬರದ ಹೆಸರು. ನಾನ ಆರಿಸಿದ್ದು!” ಎಂದು ನೀರು ತರಲು ತಂಬಿಗೆ ಹಿಡಿದು ಎದ್ದು ಹೋದರು.

ಆ ಮಾತು ನನ್ನ ಕಿವಿಯ ಮೇಲಿಂದ ಹಾಗೇ ಹೋಗಿಬಿಡುತ್ತಿತ್ತು. ಅಷ್ಟರಲ್ಲಿ ಸೊಸೆ ಕಾಲ ಮೇಲಿನ ಸೀರೆ ಸರಿಮಾಡಿಕೊಳ್ಳುವಾಗ ಮುಂಗೈಯ ಒಳಬದಿಯ ಹಸಿರು ಹಚ್ಚೆ ಕಂಡಿತು. ಮೂರು ಅಕ್ಷರ. ಸುನಂದಾ ಅಂತೂ ಅಲ್ಲ.

“ತವರಾಗ ನಿನಗ ಏನಂತಾರವಾ?”

ಅಷ್ಟು ಹೊತ್ತು ಚಾಪೆಯನ್ನೇ ನೋಡುತ್ತಿದ್ದವಳು ಮುಖ ಎತ್ತಿದಳು. “ನೀಲವ್ವ ಅಂತಾರ್ರಿ.”

“ಯಾವೂರು ತವರು?”

“ನಾಗಣಸೂರ್ರಿ. ಅಕ್ಕಲಕೋಟ ಹಂತೇಲೆ.”

“ಮದಲಿನ ಬಾಣಂತನಾ ತವರಾಗ ಏನು? ದವಾಖಾನ್ಯಾಗ ಹೆಸರು ಯಾರು ಬರಸಿದ್ರು?”

“ನಮ್ಮವ್ವ ಬರಸಿದ್ಲರಿ.” ಹಚ್ಚೆಯ ಮೇಲೆ ಬೆರಳಾಡಿಸಿ ಅಂದಳು, “ನಮ್ಮವ್ವ ಸುನಂದಾ ಅಂತ ನನ್ನ ಒಮ್ಮೀನೂ ಕರದಿಲ್ರಿ.”

“ನಿನ್ನೆಯಿಂದ ಇಷ್ಟು ಹುಡಕಾಕತ್ತೀವಿ, ಯಾಕ ಹೇಳಲಿಲ್ಲ ನೀನು?”

“ಯಾರೂ ಕೇಳಲಿಲ್ರಿ ಬಾಯಿ.”

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆ ಬಂತು. ನನ್ನ ಕಾನ್ವೆಂಟಿನ ಸರ್ಟಿಫಿಕೇಟಿನಲ್ಲಿ ಇರುವುದು ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇರುವುದು ಇನ್ನೊಂದು. ನನ್ನ ಹೆಸರನ್ನೂ ಅಕ್ಕಿಯ ತಾಟಿನಲ್ಲಿ ಉಂಗುರದಿಂದ ಬರೆದು ಬದಲಿಸಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು, ತವರಿನವರು ತವರಿನ ಹೆಸರು, ತಂದೆಯ ಹೆಸರು, ತಂದೆಯ ಊರು ಬರೆಸುವುದು. ಎರಡನೆಯದಕ್ಕೆ ಅತ್ತೆಯ ಮನೆಯವರು ಕರೆತಂದು ಮೂರೂ ಖಾನೆಗಳಲ್ಲಿ ಬೇರೆಯದನ್ನು ಬರೆಸುವುದು. ಇದು ನಮ್ಮ ಕಡೆಯ ಯಾವ ಹೆಣ್ಣಿಗೆ ಗೊತ್ತಿಲ್ಲದ ಸಂಗತಿ? ನಾಲ್ಕು ತಿಂಗಳು ಕೂತು, ಅತಿ ಸುಲಭವಾಗಿ ಬದಲಾಗುವ ಒಂದೇ ವಸ್ತುವನ್ನು ಹಿಡಿದು ನಾನು ಐದು ಡಬ್ಬಿ ಜೋಡಿಸಿದ್ದೆ. ಸಂಖ್ಯೆಯನ್ನು ಕಾಗದಕ್ಕೆ ಕೊಟ್ಟಿದ್ದೆ, ಹೆಂಗಸಿಗೆ ಕೊಟ್ಟಿರಲಿಲ್ಲ. ಒಬ್ಬಳೇ ಹೆಂಗಸು ನನ್ನ ಕಪಾಟಿನಲ್ಲಿ ಇಬ್ಬರಾಗಿ ಕೂತಿದ್ದಳು, ಎಷ್ಟು ಮಂದಿ ಹಾಗಿದ್ದಾರೋ ದೇವರಿಗೇ ಗೊತ್ತು.

ಮೇಲೆ ಹೋಗಿ ನೀಲವ್ವಗಳನ್ನು ತೆಗೆದೆ. ಒಂಬತ್ತು ಕಾರ್ಡು. ನಾಗಣಸೂರು ಒಂದರಲ್ಲೂ ಇಲ್ಲ. ಕುರ್ಚಿಯ ಮೇಲೆ ಕೂತುಬಿಟ್ಟೆ.

“ಕಾಕಾ, ಅಕ್ಕಲಕೋಟದ ಎಲ್ಲಾ ಗಂಟೂ ಇಲ್ಲಿ ಬಂದಾವಲ್ಲ?”

“ಎಲ್ಲಿ ಬಂದಾವ್ರಿ? ಹಿಂದಿನ ಐದಾರು ವರ್ಷದ್ದು ಅಲ್ಲೇ ಕುಂತಾವ. ಇಲ್ಲಿ ಜಾಗಾ ಎಲ್ಲೈತಿ?”

“ನಾಲ್ಕು ತಿಂಗಳಿಂದ ನನಗ ಹೇಳಲಿಲ್ಲಲ್ಲ!”

“ನೀವು ಕೇಳಲಿಲ್ಲಲ್ಲ.”

ಒಂದೇ ಮಧ್ಯಾಹ್ನ ಎರಡನೆಯ ಸಲ ಅದೇ ಉತ್ತರ ಕೇಳಿದೆ.

ಸಂಜೆ ಮನೆಯಲ್ಲಿ ಬುಧವಾರ ಅಕ್ಕಲಕೋಟಕ್ಕೆ ಹೋಗುತ್ತೇನೆಂದೆ. ಸ್ವಾಮಿಗಳ ಸಮಾಧಿಯಿರುವ ಅಕ್ಕಲಕೋಟಕ್ಕೆ ಎಂದರೆ ಬೇಡ ಎನ್ನುವವರು ನಮ್ಮ ಮನೆಯಲ್ಲಿ ಇಲ್ಲ. ನಮ್ಮ ಅತ್ತೆ ಸ್ವಾಮಿಗಳಿಗೆ ಒಡೆಸಲು ನಾರಳದ ಕಾಯಿ ತಂದು ಚೀಲದಲ್ಲಿಟ್ಟು, “ದರ್ಶನಾ ಆದ ಮ್ಯಾಲೆ ಪ್ರಸಾದ ಮರೀಬ್ಯಾಡ” ಎಂದರು. ನಾನು ದವಾಖಾನೆಯ ಸುದ್ದಿ ಎತ್ತಲಿಲ್ಲ. ಆಸ್ಪತ್ರೆಯಿಂದ ಹೊರಡುವ ಮೊದಲೇ ನೀಲವ್ವನ ಹತ್ತಿರ ಎರಡು ಸಂಗತಿ ಕೇಳಿಕೊಂಡಿದ್ದೆ. ತಂದೆಯ ಹೆಸರು ಶರಣಪ್ಪ. ಹಡೆದದ್ದು ಯಾವಾಗ ಎಂದರೆ, “ಸೀಗಿ ಹುಣ್ಣಿವಿ ಆಗಿ ಎಂಟು ದಿನಕ್ಕರಿ.”

ಅಕ್ಕಲಕೋಟದ ಶಾಖೆ ಮೂರು ಖೋಲಿಯದು. ಈಗ ಅಲ್ಲಿ ಡಾಕ್ಟರರಿಲ್ಲ, ಒಬ್ಬ ನರ್ಸ್, ಒಬ್ಬ ವಯಸ್ಸಾದ ಆಯಾ ಅಷ್ಟೇ. ಗಂಟುಗಳು ಹಾಲಿನ ಪುಡಿಯ ಚೀಲಗಳ ಹಿಂದೆ ಇದ್ದವು. ಚೀಲ ಸರಿಸಿದರೆ ಗೆದ್ದಲು ಹಿಡಿದಿಲ್ಲವೆಂಬುದೇ ಸಮಾಧಾನ. ಸೀಗಿ ಹುಣ್ಣಿಮೆಯ ಲೆಕ್ಕ ಹಿಡಿದು ಆ ವರ್ಷದ ಅಕ್ಟೋಬರ್ ಗಂಟು ಬಿಚ್ಚಿದೆ. ಇಲ್ಲ. ನವೆಂಬರ್ ಬಿಚ್ಚಿದೆ. ಇಲ್ಲ. ಎರಡು ಹಾಳೆ ಅಂಟಿಕೊಂಡಿರಬಹುದೆಂದು ಒಂದೊಂದನ್ನೇ ಉಜ್ಜಿ ಮತ್ತೆ ನೋಡಿದೆ. ಹಿಂದಿನ ವರ್ಷ, ಮುಂದಿನ ವರ್ಷ, ಅದೂ ಆಯಿತು. ಎರಡೂವರೆ. ನಾಲ್ಕಕ್ಕೆ ಬಸ್ಸು. ದರ್ಶನ ಇನ್ನೂ ಆಗಿರಲಿಲ್ಲ. ಗುರುವಾರ ಮುಂಜಾನೆ ಆ ಹುಡುಗಿ ಬಾತ ಕಾಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ, ನಾನು ಪ್ರಸಾದ ಹಿಡಿದು ಮನೆಗೆ ಹೋಗುತ್ತೇನೆ ಎಂದು ನೆನೆದು ಅಕ್ಟೋಬರ್ ಗಂಟನ್ನು ಮತ್ತೊಮ್ಮೆ ಬಿಚ್ಚಿದೆ.

ಆಯಾ ಕಸ ಗುಡಿಸುತ್ತ ನನ್ನ ಹತ್ತಿರ ಬಂದು ನಿಂತಳು.

“ಯಾರದು ಹುಡಕತೀರಿ?”

ಹೇಳಿದೆ.

“ಕೂಸು ಉಳೀತೇನ್ರಿ?”

“ಇಲ್ಲವಾ. ಎರಡು ದಿನಾ ಇತ್ತಂತ.”

“ಅಗ ಬಾಯಿ! ಹಂಗಾದರ ಇದರಾಗ ಯಾಕ ಹುಡಕತೀರಿ? ಹೋದ ಕೂಸಿನ ಕಾಗದಾ ಇದ್ದ ಕೂಸಿನ ಕಾಗದದಾಗ ಇಡಂಗಿಲ್ಲ ನಾವು.”

ಪೊರಕೆಯ ಹಿಡಿಯಿಂದ ಕಪಾಟಿನ ನೆತ್ತಿಯನ್ನು ತೋರಿಸಿದಳು. ಅಲ್ಲಿ ಬಿಳಿ ಬಟ್ಟೆಯ ಒಂದು ಗಂಟು ಬೇರೆಯಾಗಿ ಕೂತಿತ್ತು. ಯಾರೂ ಬರೆದ ನಿಯಮವಲ್ಲ; ಒಂದು ಕಾಗದದ ಗಾಳಿ ಇನ್ನೊಂದಕ್ಕೆ ತಾಗಬಾರದೆಂದು ಆಕೆಯೇ ಎಷ್ಟೋ ವರ್ಷದಿಂದ ಬೇರೆ ಮಾಡುತ್ತ ಬಂದಿದ್ದಳು. ನರ್ಸಿಗೂ ಗೊತ್ತಿತ್ತು. ಕಾಕಾನಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಆ ಗಂಟಿನಲ್ಲಿ ತಿಂಗಳಿಲ್ಲ, ವರ್ಷವಿಲ್ಲ. ನೆಲದ ಮೇಲೆ ಕೂತು ಈ ಸಲ ಹೆಸರು ನೋಡಲಿಲ್ಲ, ಊರು ನೋಡಿ ಬೇರೆ ಬೇರೆ ಗುಪ್ಪೆ ಮಾಡಿದೆ. ನಾಗಣಸೂರಿನ ಗುಪ್ಪೆಯಲ್ಲಿ ಮೂರು ಕಾಗದ ಬಂದವು. ಎರಡನೆಯದರಲ್ಲಿ ತಂದೆ ಶರಣಪ್ಪ. ಹೆಸರಿನ ಖಾನೆಯಲ್ಲಿ ‘ನೀಲವ್ವ’ ಎಂದು ಗುಂಡಗೆ ಬರೆದಿತ್ತು. ತಿರುವಿದೆ. ಡಾಕ್ಟರರ ಅಕ್ಷರ ಇಂಗ್ಲಿಷಿನಲ್ಲಿ, ಅವಸರದ್ದು. ಆದರೂ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಸೀಳು ಮೇಲಿನಿಂದ ಉದ್ದಕ್ಕೆ. ಮುಂದಿನ ಹೆರಿಗೆ ಬೇನೆ ಬರುವ ಮೊದಲೇ ದೊಡ್ಡ ಆಸ್ಪತ್ರೆಯಲ್ಲಿ. ಇದನ್ನು ಬರೆದವರು ಎರಡು ಗೆರೆ ಎಳೆದು ಎಚ್ಚರಿಸಿದ್ದರು, ನಾವು ಅದನ್ನು ಕಪಾಟಿನ ನೆತ್ತಿಯ ಮೇಲೆ ಇಟ್ಟಿದ್ದೆವು.

ನಾಲ್ಕರ ಬಸ್ಸು ತಪ್ಪಿ ರಾತ್ರಿ ಮನೆ ಸೇರಿದವಳು, ಗುರುವಾರ ಬೆಳಿಗ್ಗೆ ಏಳಕ್ಕೇ ಆ ಕಾಗದ ಹಿಡಿದು ಆಸ್ಪತ್ರೆಗೆ ಓಡಿದೆ. ಕಂದಲಗಾಂವದ ಅತ್ತೆ ಗಂಟು ಕಟ್ಟಿಕೊಂಡು ಕೂತಿದ್ದರು. ಡಾಕ್ಟರಬಾಯಿ ನಿಂತಲ್ಲೇ ಓದಿದರು, ಆಮೇಲೆ ಚಾಪೆಯ ಮೇಲೆ ಅತ್ತೆಯ ಎದುರಿಗೇ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು.

“ಇದು ನಮ್ಮ ಸುನಂದಾಂದು ಅಲ್ಲ. ನೀಲವ್ವ ಅಂತ ಐತಿ ಅಂತೀರಲ್ಲ” ಎಂದರು ಅತ್ತೆ.

“ಅತ್ತೀ, ನಾನ ಅದು” ಎಂದಳು ಸೊಸೆ. ಅತ್ತೆಯ ಮುಂದೆ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರಬಾಯಿ ಮುಂದೆ ಓದಿದರು. ಹಿಂದಿನ ದಿನ ಮಧ್ಯಾಹ್ನದಿಂದ ಬೇನೆ. ಕೂಸು ಅಡ್ಡ ಮಲಗಿತ್ತು. ಚಕ್ಕಡಿಯಲ್ಲಿ ತರುವ ಹೊತ್ತಿಗೆ ಒಂದು ಕೈ ಹೊರಗೆ ಬಂದು ನೀಲಿಯಾಗಿತ್ತು.

ಅತ್ತೆ ಕಟ್ಟಿದ ಗಂಟಿನ ಮೇಲೆ ಕೈ ಇಟ್ಟರು. “ಕೈ ಮುಂದ ಬಂದಿತ್ತಾ?”

“ಹೌದು. ಕೊಯ್ಯದಿದ್ದರ ಇಬ್ಬರೂ ಹೋಗತಿದ್ರು.”

“ಇದು ನಮಗ ಯಾರೂ ಹೇಳಲಿಲ್ಲ. ಬೀಗರು ಬರೆ ಕೊಯ್ದ್ರು, ಕೂಸು ಉಳೀಲಿಲ್ಲ ಅಂತ ಹೇಳಿ ಕಳಿಸಿದ್ರು.” ಸೊಸೆಯ ಕಡೆ ತಿರುಗಿದರು. “ನೀನರೆ ಹೇಳಬಾರದಾ?”

ಅವಳು ಬಾತ ಪಾದಗಳನ್ನು ಸೀರೆಯಡಿ ಇನ್ನಷ್ಟು ಎಳೆದುಕೊಂಡಳು. ಅತ್ತೆ ಗಂಟು ಬಿಚ್ಚಿ ರೊಟ್ಟಿ ತೆಗೆದು ಸೊಸೆಯ ಮುಂದಿಟ್ಟರು. ಬಸ್ಸು ಹೋಯಿತು.

ಹನ್ನೆರಡು ದಿನ ಬಿಟ್ಟು ಆಪರೇಷನ್ ಆಯಿತು. ಹೆಣ್ಣು ಕೂಸು. ಡಾಕ್ಟರಬಾಯಿ ಕೈ ತೊಳೆದುಕೊಂಡು ನೇರ ನಮ್ಮ ಖೋಲಿಗೆ ಬಂದರು. “ಹಳೆ ಹೊಲಿಗಿ ತೆಳ್ಳಗ ಪಾತಳ ಆಗಿ ಒಳಗಿನ ಕೂಸಿನ ಕೂದಲಾ ಕಾಣತಿದ್ವು. ಇನ್ನೊಂದು ದೊಡ್ಡ ಬ್ಯಾನಿ ತಡೀತಿರಲಿಲ್ಲ” ಎಂದಷ್ಟೇ ಹೇಳಿ ಹೋದರು. ಕಾಕಾ ತಪಕೀರಿನ ಡಬ್ಬಿ ತೆರೆದವರು ಮತ್ತೆ ಮುಚ್ಚಿದರು.

ಆ ಹನ್ನೆರಡು ದಿನದಲ್ಲಿ ನಾನು ಐದೂ ಡಬ್ಬಿಗಳನ್ನು ನೆಲಕ್ಕೆ ಸುರಿದಿದ್ದೆ. ಎಷ್ಟು ಬೇಸರವಾಯಿತೆಂದು ಬರೆಯುವುದಿಲ್ಲ. ಈಗ ಒಬ್ಬ ಹೆಂಗಸಿಗೆ ಒಂದೇ ಸಂಖ್ಯೆ. ಅವಳ ಕಾಗದ ಎಷ್ಟೇ ಇರಲಿ, ಎಲ್ಲದರ ಮೇಲೂ ಅದೇ. ಡಬ್ಬಿಗಳಲ್ಲಿ ಬರಿಯ ಚೀಟಿಗಳು: ಒಂದರಲ್ಲಿ ತವರೂರು ಮತ್ತು ತಂದೆಯ ಹೆಸರಿನ ಕ್ರಮ, ಒಂದರಲ್ಲಿ ಗಂಡನ ಊರು ಮತ್ತು ಗಂಡನ ಹೆಸರಿನ ಕ್ರಮ, ಒಂದರಲ್ಲಿ ಅವಳ ಎರಡೂ ಹೆಸರು. ಯಾವ ಚೀಟಿಯಿಂದ ಹೋದರೂ ಮುಟ್ಟುವುದು ಅದೇ ಸಂಖ್ಯೆಗೆ. ಹೋದ ಕೂಸಿನ ಕಾಗದಕ್ಕೂ ಸಂಖ್ಯೆ ಕೊಟ್ಟೆ. ಗಂಟು ಬೇರೆಯೇ ಇರಲಿ, ಚೀಟಿ ಎಲ್ಲರ ಸಾಲಿನಲ್ಲಿ ನಿಲ್ಲಲಿ ಎಂದಾಗ ಅಕ್ಕಲಕೋಟದ ಆಯಾ ಒಪ್ಪಿದಳು. ಟ್ರಸ್ಟಿನವರು ಹೊಸ ಖಾನೆಯ ಫಾರ್ಮು ಅಚ್ಚು ಹಾಕಿಸಲು ಒಪ್ಪಲಿಲ್ಲ. ಹಳೆಯ ಫಾರ್ಮಿನ ಅಂಚಿನಲ್ಲಿ ತವರಿನ ಹೆಸರು, ತವರೂರು ಎಂದು ಕೈಯಲ್ಲೇ ಬರೆಯತೊಡಗಿದೆ. ದಿನಕ್ಕೆ ಇಷ್ಟು ಹಾಳೆ. ಅಚ್ಚಿನಂತೆ ಕಾಣುತ್ತದೆ ಎಂದು ಅವರೇ ಹೊಗಳಿದರು. ಮತ್ತಷ್ಟು ಸಿಟ್ಟು ಬಂತು.

ಮನೆಗೆ ಹೋಗುವ ದಿನ ಕಂದಲಗಾಂವದ ಅತ್ತೆ ನಮ್ಮ ಖೋಲಿಯನ್ನು ಹುಡುಕಿಕೊಂಡು ಬಂದರು. ಬಾಗಿಲು ದೂಡಿದರು, ಅದು ಅಷ್ಟಕ್ಕೇ ನಿಂತಿತು. ಹೊರಗೇ ನಿಂತು ಕೈ ಒಳಗೆ ಚಾಚಿದರು.

“ಆ ಕಾಗದಾ ನಮಗ ಕೊಡ್ರಿ. ನಾವ ಇಟಗೋತೀವಿ.”

“ಕಾಗದಾ ಕೊಡಾಕ ಬರೂದಿಲ್ರಿ. ಇಲ್ಲೇ ಇರಬೇಕು.”

“ಮತ್ತ ನೀವು ಮತ್ತೆಲ್ಲೆರೆ ಇಟ್ಟು ಮರೆತರ?”

ಒಂದು ಸೀರೆ ಬಾಕ್ಸಿನ ಮುಚ್ಚಳ ತೆಗೆದು ಗಟ್ಟಿ ಕಾರ್ಡು ಕತ್ತರಿಸಿ ಸಂಖ್ಯೆ ಬರೆದೆ. “ಇದನ್ನ ಇಟಗೊಳ್ರಿ. ಯಾವ ದವಾಖಾನಿಗಿ ಹೋದರೂ ತೋರಿಸ್ರಿ” ಎಂದು, ಅದರ ಕೆಳಗೆ ‘ಸು’ ಎಂದು ಬರೆಯತೊಡಗಿದೆ.

“ತಡೀರಿ. ಏನು ಬರಿಯಾಕತ್ತೀರಿ?”

“ಸುನಂದಾ ಅಂತ.”

“ಅದು ಆಮ್ಯಾಲಿಂದು. ಮದಲ ನೀಲವ್ವ ಅಂತ ಬರೀರಿ. ನಾಗಣಸೂರ ಅಂತ ಬರೀರಿ. ಅವರಪ್ಪನ ಹೆಸರು ಬರೀರಿ.” ಚಾಚಿದ ಕೈಯಿಂದ ಕಾರ್ಡು ತೋರಿಸಿ ಅಂದರು, “ನಾಳೆ ನಾ ಇರತೀನೋ ಇಲ್ಲೋ. ಕರಕೊಂಡು ಬಂದವ್ರಿಗಿ ಗೊತ್ತಿರಬೇಕಲ್ಲ.”

ಆ ಕಾರ್ಡನ್ನು ಬದಿಗಿಟ್ಟು ಹೊಸದೊಂದು ಕತ್ತರಿಸಿದೆ. ಹೇಳಿದ ಕ್ರಮದಲ್ಲೇ ಬರೆದೆ. ಓದಿ ಹೇಳ್ರಿ ಎಂದರು. ಓದಿದೆ.

“ಇನ್ನೊಮ್ಮಿ” ಎಂದರು.